ಚೆಂಡು ಒಯ್ಯದ ಐವರು

ಅಮೆರಿಕದಲ್ಲಿ ನೆಲೆಸಿರುವ ಮಗನಿಗೋ ಮಗಳಿಗೋ ಸೋಮವಾರ ಬೆಳಿಗ್ಗೆ ಫೋನ್ ಮಾಡುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಅಲ್ಲಿ ಆಗ ಭಾನುವಾರದ ರಾತ್ರಿ. ಸೆಪ್ಟೆಂಬರಿನಿಂದ ಫೆಬ್ರವರಿಯವರೆಗೆ ಹೀಗೆ ಮಾತನಾಡುವ ಅಜ್ಜ ಅಜ್ಜಿಯರಿಗೆ ಒಂದು ಸಂಗತಿ ಅನುಭವಕ್ಕೆ ಬಂದಿರಬೇಕು. ಕೆಲವು ವಾರ ಮೊಮ್ಮಗ ಮಾತಿಗೇ ಬರುವುದಿಲ್ಲ. ಬಂದರೂ ಮುಖ ಬಾಡಿರುತ್ತದೆ. ಏನಾಯಿತಪ್ಪಾ ಎಂದು ವಿಚಾರಿಸಿದರೆ, "ಲೈನ್ ಸರಿಯಿಲ್ಲ ಅಜ್ಜ" ಎನ್ನುತ್ತಾನೆ. ಫೋನಿನ ಲೈನೇ ಕೆಟ್ಟಿತೆಂದು ಭಾವಿಸಿ ಇತ್ತ ಅಜ್ಜ ಇನ್ನೂ ಗಟ್ಟಿಯಾಗಿ ಕೂಗತೊಡಗುತ್ತಾನೆ.

ಮೊಮ್ಮಗ ಹೇಳುತ್ತಿರುವುದು ಬೇರೊಂದು ಲೈನಿನ ವಿಷಯ. ಅವರ ಫುಟ್‌ಬಾಲ್ ಆಟದಲ್ಲಿ ಅಫೆನ್ಸಿವ್ ಲೈನ್ ಎಂಬುದೊಂದಿದೆ. ಅದನ್ನು ಬಲಪಡಿಸುವುದು ಹೇಗೆಂಬ ಚರ್ಚೆ ಆ ದೇಶದ ಅಭಿಮಾನಿಗಳಲ್ಲಿ ಹನ್ನೆರಡು ತಿಂಗಳೂ ನಡೆಯುತ್ತಿರುತ್ತದೆ. ಆಟದ ಮಾತು ಈ ಪುಟಗಳಿಗೇಕೆ ಎಂದು ಕೆಲವು ಹಿರಿಯರು ಹುಬ್ಬು ಗಂಟಿಕ್ಕಬಹುದು. ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಅವರಲ್ಲಿ ನನ್ನ ವಿನಂತಿ. ಮೊಮ್ಮಕ್ಕಳ ದುಃಖ ಯಾವುದೆಂಬುದಾದರೂ ನಮಗೆ ತಿಳಿದಿರಬೇಡವೇ?

ಅಮೆರಿಕನ್ನರ ಫುಟ್‌ಬಾಲ್ ನಮ್ಮ ಮಕ್ಕಳು ಶಾಲೆಯ ಬಯಲಿನಲ್ಲಿ ಒದ್ದು ಆಡುವ ಕಾಲ್ಚೆಂಡಲ್ಲ. ಅವರ ಚೆಂಡು ಎರಡೂ ತುದಿ ಚೂಪಾದದ್ದು. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ದೂರಕ್ಕೆ ಎಸೆಯುತ್ತಾರೆ. ಮೈದಾನದ ಉದ್ದ 100 ಗಜ. ಒಂದೊಂದು ಪಕ್ಷದಲ್ಲಿ 11 ಮಂದಿ. ಚೆಂಡು ಪಡೆದ ಪಕ್ಷಕ್ಕೆ ನಾಲ್ಕು ಯತ್ನಗಳು; ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ ದೊರೆಯುತ್ತದೆ, ಸಾಗದಿದ್ದರೆ ಚೆಂಡು ಎದುರಾಳಿಗೆ. ಈ ದಾಳಿಯ ಸೂತ್ರಧಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಚೆಂಡು ಅವನ ಕೈಗೆ ಬಂದ ಕ್ಷಣವೇ ಎದುರಾಳಿಗಳು ಅವನ ಮೇಲೆ ನುಗ್ಗುತ್ತಾರೆ. ಅವರನ್ನು ತಡೆದು ನಿಲ್ಲಿಸುವ ಐವರು ಅವನ ಮುಂದೆ ಸಾಲಾಗಿ ನಿಂತಿರುತ್ತಾರೆ. ನಡುವೆ ನಿಂತವನು ಸೆಂಟರ್, ಅವನ ಅಕ್ಕಪಕ್ಕದ ಇಬ್ಬರು ಗಾರ್ಡ್‌ಗಳು, ಎರಡು ತುದಿಗಳಲ್ಲಿ ನಿಂತ ಇಬ್ಬರು ಟ್ಯಾಕಲ್‌ಗಳು. ಒಬ್ಬೊಬ್ಬನ ತೂಕ ಸುಮಾರು 140 ಕಿಲೋ. ಮೊಮ್ಮಗ ಹೇಳಿದ ಲೈನ್ ಇದೇ.

ಈ ಐವರ ಸ್ಥಿತಿ ವಿಚಿತ್ರವಾದದ್ದು. ಅವರು 50ರಿಂದ 79ರವರೆಗಿನ ಸಂಖ್ಯೆಯ ಅಂಗಿಯನ್ನು ತೊಡಬೇಕು. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯಲು ನಿಯಮವೇ ಅವರಿಗೆ ಅವಕಾಶ ಕೊಡುವುದಿಲ್ಲ. ಸೆಂಟರನು ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ದಾಟಿಸುತ್ತಾನೆ; ಅಲ್ಲಿಗೆ ಆ ಸಾಲಿಗೂ ಚೆಂಡಿಗೂ ಇರುವ ಸಂಬಂಧ ಮುಗಿಯಿತು. ಓಡಿದವನಿಗೆ ಎಷ್ಟು ಗಜ, ಹಿಡಿದವನಿಗೆ ಎಷ್ಟು ಅಂಕ ಎಂಬ ಲೆಕ್ಕವನ್ನು ಪತ್ರಿಕೆಗಳು ಮರುದಿನ ಪಟ್ಟಿ ಹಾಕಿ ಪ್ರಕಟಿಸುತ್ತವೆ. ತಡೆದವನ ಹೆಸರಿನ ಮುಂದೆ ಬರೆಯಲು ಅಂಥ ಅಂಕಿಯಿಲ್ಲ. ಎದುರಾಳಿಯ ಅಂಗಿಯನ್ನು ಹಿಡಿದೆಳೆದ ತಪ್ಪಿಗೆ ಹತ್ತು ಗಜದ ದಂಡ ಬಿದ್ದಾಗ ಮಾತ್ರ ತೀರ್ಪುಗಾರನು ಅವನ ಸಂಖ್ಯೆಯನ್ನು ಇಡೀ ಕ್ರೀಡಾಂಗಣಕ್ಕೆ ಕೇಳುವಂತೆ ಕೂಗಿ ಹೇಳುತ್ತಾನೆ.

ನಮ್ಮ ಜಾತ್ರೆಯ ತೇರನ್ನು ನೆನೆಯಿರಿ. ಸಾವಿರಾರು ಕಣ್ಣುಗಳು ಕಳಸದ ಮೇಲಿರುತ್ತವೆ. ಉತ್ತತ್ತಿ, ಬಾಳೆಹಣ್ಣುಗಳು ಅತ್ತಲೇ ತೂರಿ ಹೋಗುತ್ತವೆ. ಕೆಳಗೆ ಗಾಲಿಯ ಬಳಿ ಬಾಗಿ ನಿಂತು, ಮರದ ತುಂಡನ್ನು ತಕ್ಕ ಗಳಿಗೆಗೆ ಗಾಲಿಗೆ ಕೊಟ್ಟು ತೇರಿನ ದಿಕ್ಕು ತಪ್ಪದಂತೆ ಕಾಯುವವರ ಮುಖವನ್ನು ಎಷ್ಟು ಜನ ನೋಡಿದ್ದಾರೆ? ತೇರು ಒಂದು ಕಡೆ ವಾಲಿತೆನ್ನಿ, ಆಗ ಎಲ್ಲರಿಗೂ ಅವರ ನೆನಪಾಗುತ್ತದೆ.

ಈಗ ಓಹಾಯೋ ರಾಜ್ಯದ ಸಿನ್ಸಿನಾಟಿ ನಗರಕ್ಕೆ ಬರೋಣ. ಅಲ್ಲಿಯ ತಂಡದ ಹೆಸರು ಬೆಂಗಾಲ್ಸ್. ನಮ್ಮ ಬಂಗಾಳದ ಹುಲಿಯೇ ಅವರ ಲಾಂಛನ. ಪಟ್ಟೆ ಬಳಿದ ಶಿರಸ್ತ್ರಾಣ ಧರಿಸಿ ಆಡುವ ಈ ಹುಲಿಗಳು ಬಹುಕಾಲ ಸೊರಗಿದ್ದವು. ಆ ದೇಶದ ಲೀಗಿನಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಪ್ರತಿ ಏಪ್ರಿಲ್‌ನಲ್ಲಿ ಕಾಲೇಜುಗಳಿಂದ ಹೊರಬರುವ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಹಿಂದೆ ಬಿದ್ದವರಿಗೆ ಮೊದಲ ಸರದಿ. ಇದನ್ನು ಡ್ರಾಫ್ಟ್ ಎನ್ನುತ್ತಾರೆ. ಹಿಂದುಳಿದವರಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕುವ ಈ ಕ್ರಮ, ಹಣವೇ ಪ್ರಧಾನವೆನಿಸಿದ ದೇಶದಲ್ಲಿ ಬೆಳೆದದ್ದು ಸೋಜಿಗ. 2020ರಲ್ಲಿ ಬೆಂಗಾಲ್ಸ್ ಮೊದಲ ಸರದಿಯಲ್ಲಿ ಜೋ ಬರೋ ಎಂಬ ತರುಣನನ್ನು ಕ್ವಾರ್ಟರ್‌ಬ್ಯಾಕ್ ಆಗಿ ಆರಿಸಿಕೊಂಡಿತು.

ಬರೋ ಆ ರಾಜ್ಯದಲ್ಲೇ ಬೆಳೆದವನು. ಬಡತನಕ್ಕೆ ಹೆಸರಾದ ಆಥೆನ್ಸ್ ಕೌಂಟಿ ಅವನ ಊರಸೀಮೆ. 2019ರ ಡಿಸೆಂಬರ್‌ನಲ್ಲಿ ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಗೌರವವಾದ ಹೈಸ್‌ಮನ್ ಪ್ರಶಸ್ತಿಯನ್ನು ಸ್ವೀಕರಿಸುವಾಗ, ಶಾಲೆಯಿಂದ ಮನೆಗೆ ಮರಳಿದರೆ ಊಟವಿಲ್ಲದ ಮಕ್ಕಳು ತನ್ನ ಸೀಮೆಯಲ್ಲಿದ್ದಾರೆಂದು ಆತ ಕಣ್ಣೀರಿನೊಡನೆ ನೆನೆದ. ಅದನ್ನು ಕೇಳಿದ ಜನ ಅಲ್ಲಿಯ ಅನ್ನದಾನದ ಸಂಸ್ಥೆಗೆ ಸ್ವಲ್ಪ ದಿನಗಳಲ್ಲೇ ಐದು ಲಕ್ಷ ಡಾಲರಿಗಿಂತ ಹೆಚ್ಚು ಹಣ ಕಳುಹಿಸಿದರು. ಇಂಥವನನ್ನು ಊರು ತನ್ನ ಮನೆಯ ಮಗನಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆ ಮಗನಿಗೆ ಮೊದಲ ವರ್ಷವೇ ಏನಾಯಿತು ನೋಡಿ. ಕ್ವಾರ್ಟರ್‌ಬ್ಯಾಕನು ಚೆಂಡನ್ನು ಎಸೆಯುವ ಮೊದಲೇ ಅವನನ್ನು ನೆಲಕ್ಕೆ ಕೆಡವುವುದಕ್ಕೆ ಸ್ಯಾಕ್ ಎಂದು ಹೆಸರು. ಹತ್ತು ಪಂದ್ಯಗಳಲ್ಲಿ ಬರೋ 32 ಸಲ ಹೀಗೆ ಕೆಡವಲ್ಪಟ್ಟ. 2020ರ ನವೆಂಬರ್ 22ರಂದು ವಾಷಿಂಗ್ಟನ್ ತಂಡದೊಡನೆ ಆಡುತ್ತಿದ್ದಾಗ ಇಬ್ಬರು ಎದುರಾಳಿಗಳ ನಡುವೆ ಸಿಕ್ಕಿ ಅವನ ಎಡ ಮೊಣಕಾಲಿನ ಅಸ್ಥಿಬಂಧಗಳು ಹರಿದುಹೋದವು. ಶಸ್ತ್ರಚಿಕಿತ್ಸೆಯಾಯಿತು, ಆ ವರ್ಷದ ಆಟ ಅಲ್ಲಿಗೇ ನಿಂತಿತು.

ಮುಂದಿನ ಡ್ರಾಫ್ಟಿನಲ್ಲಿ ಬೆಂಗಾಲ್ಸ್‌ಗೆ ಐದನೆಯ ಸರದಿ ದೊರೆಯಿತು. ನವೆಂಬರಿನಿಂದ ಏಪ್ರಿಲ್‌ವರೆಗೆ ಆ ನಗರದಲ್ಲಿ ನಡೆದ ವಾದವೇ ಇಂದಿನ ನಮ್ಮ ವಿಷಯ. ರೇಡಿಯೋದಲ್ಲಿ, ಕಚೇರಿಯ ಊಟದ ಮೇಜಿನಲ್ಲಿ, ಮನೆಗಳಲ್ಲಿ ಎರಡು ಹೆಸರುಗಳ ಸುತ್ತ ಊರು ಎರಡಾಯಿತು. ಒಬ್ಬ ಪನೇ ಸೂವೆಲ್, ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ಹುಟ್ಟಿ ಆರೆಗನ್ ವಿಶ್ವವಿದ್ಯಾಲಯಕ್ಕೆ ಆಡಿದ ಟ್ಯಾಕಲ್. ಇನ್ನೊಬ್ಬ ಜಮಾರ್ ಚೇಸ್, ಓಡಿಹೋಗಿ ಚೆಂಡು ಹಿಡಿಯುವುದರಲ್ಲಿ ನಿಸ್ಸೀಮ. ಮೇಲಾಗಿ ಲೂಸಿಯಾನಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಬರೋನ ಜೊತೆಗಾರ. 2019ರಲ್ಲಿ ಇವರಿಬ್ಬರೂ ಕೂಡಿ ತಮ್ಮ ಕಾಲೇಜಿಗೆ ರಾಷ್ಟ್ರೀಯ ಪಟ್ಟ ತಂದಿದ್ದರು. ಆ ಒಂದೇ ವರ್ಷ ಚೇಸ್ 1,780 ಗಜಗಳನ್ನೂ 20 ಟಚ್‌ಡೌನ್‌ಗಳನ್ನೂ ಗಳಿಸಿದ್ದ.

ಸೂವೆಲ್ ಬೇಕೆಂದವರ ವಾದ ಸರಳವಾಗಿತ್ತು. ಮನೆಯ ಸೂರು ಸೋರುತ್ತಿರುವಾಗ ಗೋಡೆಗೆ ಚಿತ್ರ ಬರೆಸುವುದುಂಟೇ? ಹುಡುಗನ ಮೊಣಕಾಲಿಗೆ ಹಾಕಿದ ಹೊಲಿಗೆ ಇನ್ನೂ ಹಸಿಯಾಗಿದೆ. ಚೆಂಡು ಹಿಡಿಯುವವನು ಎಷ್ಟೇ ಚತುರನಾಗಿರಲಿ, ಎಸೆಯುವವನು ನೆಲದ ಮೇಲೆ ಬಿದ್ದಿದ್ದರೆ ಅವನಿಂದ ಏನು ಪ್ರಯೋಜನ? ಒಳ್ಳೆಯ ಟ್ಯಾಕಲ್ ಒಬ್ಬ ಸಿಕ್ಕರೆ ಹತ್ತು ವರ್ಷ ಆ ತುದಿಯ ಚಿಂತೆಯಿಲ್ಲ. ಇನ್ನೊಂದು ಗಾಯವಾದರೆ ತಂಡಕ್ಕೆ ಬೇರೆ ಆಟಗಾರ ಬಂದಾನು, ಆ ಹುಡುಗನಿಗೆ ಬೇರೆ ಕಾಲು ಬರುವುದಿಲ್ಲ.

ಚೇಸ್ ಬೇಕೆಂದವರೂ ನಿರ್ದಯರಲ್ಲ, ಅವಿವೇಕಿಗಳೂ ಅಲ್ಲ. ಐವರ ಸಾಲಿನಲ್ಲಿ ಒಬ್ಬನನ್ನು ಬದಲಿಸಿದರೆ ಉಳಿದ ನಾಲ್ಕು ಬಿರುಕು ಮುಚ್ಚುತ್ತವೆಯೇ ಎಂದು ಅವರು ಕೇಳಿದರು. ತಡೆಯುವವರು ಎರಡನೆಯ, ಮೂರನೆಯ ಸುತ್ತಿನಲ್ಲಿಯೂ ಸಿಗುತ್ತಾರೆ. ಅನ್ಯ ತಂಡಗಳಿಂದ ಹಣ ಕೊಟ್ಟು ತರಲೂಬಹುದು. ಚೇಸನಂಥವನು ಮತ್ತೆ ಸಿಗುವುದಿಲ್ಲ. ಅದೂ ಅಲ್ಲದೆ, ಗೆಳೆಯ ಎಲ್ಲಿ ನಿಲ್ಲುವನೆಂದು ಕಣ್ಣು ಮುಚ್ಚಿ ಬಲ್ಲವನು ಚೆಂಡನ್ನು ಬೇಗ ಎಸೆಯುತ್ತಾನೆ. ಕ್ವಾರ್ಟರ್‌ಬ್ಯಾಕನಿಗೆ ಸಾಮಾನ್ಯವಾಗಿ ದೊರೆಯುವ ಅವಧಿ ಎರಡೂವರೆ ಸೆಕೆಂಡಿನ ಆಜುಬಾಜು. ಅದರಲ್ಲಿ ಅರ್ಧ ಸೆಕೆಂಡು ಉಳಿಸಿದರೂ ಅದು ರಕ್ಷಣೆಯೇ ಅಲ್ಲವೇ? ಈ ಕೊನೆಯ ಮಾತು ನನಗೆ ತೂಕದ್ದೆನಿಸಿತು. ರಕ್ಷಣೆಯೆಂದರೆ ಅಡ್ಡ ನಿಲ್ಲುವುದೊಂದೇ ಅಲ್ಲವೆಂಬುದನ್ನು ಸೂವೆಲ್ ಪಕ್ಷದವರು ಅಷ್ಟಾಗಿ ಯೋಚಿಸಿದಂತಿರಲಿಲ್ಲ.

ಇದೇ ಕಾಲಕ್ಕೆ ಮತ್ತೊಂದು ನಗರದಲ್ಲಿ ನಡೆದದ್ದು ಈ ವಾದಕ್ಕೆ ತುಪ್ಪ ಸುರಿದಂತಾಯಿತು. 2021ರ ಫೆಬ್ರವರಿ 7ರ ಸೂಪರ್ ಬೌಲಿನಲ್ಲಿ, ಅಂದರೆ ವರ್ಷದ ಪಟ್ಟದ ಪಂದ್ಯದಲ್ಲಿ, ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡ ಟ್ಯಾಂಪಾ ಬೇ ತಂಡದೆದುರು 31–9ರಿಂದ ಸೋತಿತು. ಚೀಫ್ಸ್‌ನ ಪ್ಯಾಟ್ರಿಕ್ ಮಹೋಮ್ಸ್ ಆ ಕಾಲದ ಅತಿ ಸಮರ್ಥ ಕ್ವಾರ್ಟರ್‌ಬ್ಯಾಕ್. ಆದರೆ ಅವನ ಸಾಲಿನ ಎರಡೂ ತುದಿಯ ಟ್ಯಾಕಲ್‌ಗಳು ಗಾಯಗೊಂಡು ಹೊರಗಿದ್ದರು. ಮಹೋಮ್ಸ್ ಇಡೀ ಸಂಜೆ ಹಿಂದು ಹಿಂದಕ್ಕೆ ಓಡಿ ಪ್ರಾಣ ಉಳಿಸಿಕೊಂಡನೆನ್ನಬೇಕು. ಆ ಸಾಲಿನ ಬಲಗಡೆಯ ಗಾರ್ಡ್ ಕೂಡ ಆ ವರ್ಷ ಆಡಿರಲಿಲ್ಲ. ಅವರ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಲೋರಾಂ ಡುವೆರ್ನೇ ಟಾರ್ಡಿಫ್ ಎಂಬ ಈ ಕೆನಡಾದ ಆಟಗಾರ 2018ರಲ್ಲಿ ಮೆಗಿಲ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದವರು. ಕೋವಿಡ್ ಹಬ್ಬಿದಾಗ, 2020ರ ಆಟದ ವರ್ಷವನ್ನೂ ಅದರ ಸಂಬಳವನ್ನೂ ಬಿಟ್ಟು, ಮಾಂಟ್ರಿಯಲ್ ಬಳಿಯ ವೃದ್ಧರ ಆರೈಕೆ ಕೇಂದ್ರದಲ್ಲಿ ಸೇವೆಗೆ ನಿಂತರು. ಅವರಿಲ್ಲದ ಆ ಸಾಲು ಕುಸಿದಾಗಲೂ ಅವರ ನಿರ್ಧಾರವನ್ನು ಅಭಿಮಾನಿಗಳು ಗೌರವದಿಂದಲೇ ನೆನೆದರು.

ಮುಂದಿನ ಆಟದ ವರ್ಷಕ್ಕೆ ಕ್ಯಾನ್ಸಸ್ ಸಿಟಿ ತನ್ನ ಐವರನ್ನೂ ಬದಲಿಸಿತು. ಒಬ್ಬ ಗಾರ್ಡನನ್ನು ಹಣ ಕೊಟ್ಟು ಕರೆತಂದರು. ಎಡ ತುದಿಗೆ ಆರ್ಲ್ಯಾಂಡೋ ಬ್ರೌನ್ ಎಂಬವನನ್ನು ಬೇರೆ ತಂಡದಿಂದ ವಿನಿಮಯದಲ್ಲಿ ಪಡೆದರು. ಸೆಂಟರ್ ಕ್ರೀಡ್ ಹಂಫ್ರಿಯನ್ನು ಡ್ರಾಫ್ಟಿನ ಎರಡನೆಯ ಸುತ್ತಿನಲ್ಲೂ, ಗಾರ್ಡ್ ಟ್ರೇ ಸ್ಮಿತ್‌ನನ್ನು ಆರನೆಯ ಸುತ್ತಿನಲ್ಲೂ ಆರಿಸಿಕೊಂಡರು. ಕಾಲೇಜಿನಲ್ಲಿದ್ದಾಗ ಸ್ಮಿತ್‌ನ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದ ಇತರ ತಂಡಗಳು ಅಂಜಿ ಕೈಬಿಟ್ಟಿದ್ದವು. ಹೀಗೆ ಕೂಡಿಸಿದ ಸಾಲು 2023ರ ಫೆಬ್ರವರಿಯ ಸೂಪರ್ ಬೌಲಿನಲ್ಲಿ ಮಹೋಮ್ಸ್‌ನನ್ನು ಒಂದು ಸಲವೂ ನೆಲಕ್ಕೆ ಬೀಳಗೊಡಲಿಲ್ಲ. ಚೀಫ್ಸ್ 38–35ರಿಂದ ಗೆದ್ದಿತು. ತಡೆಯುವವರು ಕೆಳಗಿನ ಸುತ್ತುಗಳಲ್ಲೂ ಸಿಗುತ್ತಾರೆಂಬ ಚೇಸ್ ಪಕ್ಷದ ಮಾತು ಇಲ್ಲಿ ನಿಜವಾಯಿತು. ಸಾಲು ಸರಿಯಾದರೆ ಪಟ್ಟ ಬರುತ್ತದೆಂಬ ಸೂವೆಲ್ ಪಕ್ಷದ ಮಾತೂ ಇಲ್ಲಿಯೇ ನಿಜವಾಯಿತು.

ಸಿನ್ಸಿನಾಟಿಗೆ ಮರಳೋಣ. 2021ರ ಏಪ್ರಿಲ್ 29ರ ರಾತ್ರಿ ಬೆಂಗಾಲ್ಸ್ ಚೇಸನನ್ನು ಆರಿಸಿತು. ಸೂವೆಲ್ ಏಳನೆಯ ಸರದಿಯಲ್ಲಿ ಡೆಟ್ರಾಯಿಟ್‌ನ ಪಾಲಾದ. ಎರಡನೆಯ ಸುತ್ತಿನಲ್ಲಿ ಬೆಂಗಾಲ್ಸ್ ತಮ್ಮ ನಗರದ ಸಮೀಪದಲ್ಲೇ ಬೆಳೆದ ಒಬ್ಬ ಲೈನ್ ಆಟಗಾರನನ್ನು ಆರಿಸಿತಾದರೂ ಆತ ಆ ಸಾಲಿನಲ್ಲಿ ನೆಲೆ ಕಂಡುಕೊಳ್ಳಲಿಲ್ಲ.

ಆಮೇಲೆ ನಡೆದದ್ದು ಎರಡೂ ಪಕ್ಷಗಳ ಬಾಯಿ ಕಟ್ಟಿಸಿತು. ಚೇಸ್ ಮೊದಲ ವರ್ಷವೇ ಆ ವರ್ಷದ ಶ್ರೇಷ್ಠ ಹೊಸ ದಾಳಿಗಾರನೆಂಬ ಪ್ರಶಸ್ತಿ ಪಡೆದ. 31 ವರ್ಷಗಳಿಂದ ನಾಕೌಟ್ ಪಂದ್ಯವೊಂದನ್ನೂ ಗೆಲ್ಲದಿದ್ದ ತಂಡ ಸೂಪರ್ ಬೌಲಿಗೇ ನಡೆಯಿತು. ಅದೇ ವರ್ಷ ಬರೋ ಸಾಮಾನ್ಯ ಪಂದ್ಯಗಳಲ್ಲಿ 51 ಸಲ ಕೆಡವಲ್ಪಟ್ಟ. ಲೀಗಿನಲ್ಲಿ ಅಷ್ಟು ಪೆಟ್ಟು ತಿಂದವನು ಇನ್ನೊಬ್ಬನಿಲ್ಲ. 2022ರ ಜನವರಿಯಲ್ಲಿ ಟೆನೆಸ್ಸಿ ತಂಡದ ವಿರುದ್ಧದ ಒಂದೇ ನಾಕೌಟ್ ಪಂದ್ಯದಲ್ಲಿ ಒಂಬತ್ತು ಸಲ ಬಿದ್ದೆದ್ದು 19–16ರಿಂದ ಗೆದ್ದ. ನೋಡುತ್ತಿದ್ದ ತಾಯಂದಿರ ಎದೆ ಏನಾಗಿರಬೇಕು!

2022ರ ಫೆಬ್ರವರಿ 13ರ ಸೂಪರ್ ಬೌಲಿನ ಕೊನೆಯ ಗಳಿಗೆಯನ್ನು ಅಲ್ಲಿಯ ಅಭಿಮಾನಿಗಳು ಇಂದಿಗೂ ಮರೆತಿಲ್ಲ. ಲಾಸ್ ಏಂಜಲೀಸ್ ರ್ಯಾಮ್ಸ್ 23, ಬೆಂಗಾಲ್ಸ್ 20. ನಿಮಿಷಕ್ಕಿಂತ ಕಡಿಮೆ ಅವಧಿ ಉಳಿದಿದೆ. ನಾಲ್ಕನೆಯ ಯತ್ನ, ಬೇಕಾದದ್ದು ಒಂದೇ ಗಜ. ಬರೋ ಚೆಂಡು ಪಡೆದು ಹಿಂದೆ ಸರಿದ. ರ್ಯಾಮ್ಸ್‌ನ ಆರನ್ ಡೊನಾಲ್ಡ್ ಸಾಲನ್ನು ಭೇದಿಸಿ ಬಂದು ಅವನನ್ನು ಹಿಡಿದು ತಿರುಗಿಸಿದ. ಬೀಳುತ್ತ ಬೀಳುತ್ತ ಬರೋ ಎಸೆದ ಚೆಂಡು ಯಾರಿಗೂ ಸಿಗದೆ ನೆಲ ಸೇರಿತು. ಆ ಹೊತ್ತಿನಲ್ಲಿ ಅತ್ತ ದೂರದಲ್ಲಿ ಚೇಸ್ ತನ್ನ ಕಾವಲುಗಾರನನ್ನು ಹಿಂದೆ ಹಾಕಿ ಒಬ್ಬನೇ ಓಡುತ್ತಿದ್ದುದು ಆಮೇಲೆ ದೂರದರ್ಶನದ ಚಿತ್ರಗಳಲ್ಲಿ ಕಂಡಿತು. ಅಂದು ಬರೋ ಏಳು ಸಲ ಬಿದ್ದಿದ್ದ. ಇಡೀ ವರ್ಷದ ಲೆಕ್ಕ 70.

ಒಂದೂವರೆ ಸೆಕೆಂಡು ಹೆಚ್ಚು ದೊರೆತಿದ್ದರೆ ಎಂದು ಸೂವೆಲ್ ಪಕ್ಷದವರು ಆ ಚಿತ್ರವನ್ನು ತೋರಿಸುತ್ತಾರೆ. ಚೇಸ್ ಇಲ್ಲದಿದ್ದರೆ ಅಲ್ಲಿಯವರೆಗೆ ಬರುತ್ತಲೇ ಇರಲಿಲ್ಲವೆಂದು ಇವರು ಅದೇ ಚಿತ್ರವನ್ನು ತೋರಿಸುತ್ತಾರೆ. ತಂಡ ಫೈನಲಿಗೆ ಹೋಯಿತೆಂಬ ಕಾರಣಕ್ಕೆ ಸೂವೆಲ್ ಬೇಕೆಂದವರನ್ನು ಅನೇಕರು ಹಂಗಿಸಿದ್ದುಂಟು. ಅದು ನನಗೆ ನ್ಯಾಯವೆನಿಸಲಿಲ್ಲ. ಫಲದಿಂದ ಸಲಹೆಯನ್ನು ಅಳೆಯುವುದಾದರೆ, ಕಣ್ಣು ಮುಚ್ಚಿ ರಸ್ತೆ ದಾಟಿ ಬದುಕಿದವನನ್ನೂ ವಿವೇಕಿಯೆನ್ನಬೇಕಾದೀತು. ಅವರು ಅಂಜಿದ್ದು ಒಂದು ದೇಹಕ್ಕಾಗಿ. ಆ ದೇಹ 70 ಸಲ ನೆಲಕ್ಕೆ ಬಡಿಯಿತು.

ಸೋಲಿನ ಬಳಿಕ ಆಡಳಿತದವರು ಎಚ್ಚೆತ್ತರು. ಆ ಬೇಸಿಗೆಯಲ್ಲಿ ಸೆಂಟರ್ ಟೆಡ್ ಕ್ಯಾರಸ್, ಗಾರ್ಡ್ ಅಲೆಕ್ಸ್ ಕಪ್ಪಾ, ಟ್ಯಾಕಲ್ ಲಾಯೆಲ್ ಕಾಲಿನ್ಸ್ ಎಂಬ ಮೂವರು ಅನುಭವಿಗಳು ಬಂದರು. ನಾಲ್ಕನೆಯ ಸುತ್ತಿನಲ್ಲಿ ಆರಿಸಿದ ಹೊಸ ಹುಡುಗನೊಬ್ಬ ಎಡ ಗಾರ್ಡ್ ಆದ. ಐವರಲ್ಲಿ ನಾಲ್ವರು ಹೊಸಬರು. ಅಭಿಮಾನಿಗಳ ಹರ್ಷ ಹೇಳತೀರದು. ಸೆಪ್ಟೆಂಬರ್ ಬಂತು, ಮೊದಲ ಪಂದ್ಯದಲ್ಲಿ ಏಳು ಸ್ಯಾಕ್, ಎರಡನೆಯದರಲ್ಲಿ ಆರು. ಎರಡರಲ್ಲೂ ಸೋಲು.

ಇದೇಕೆ ಹೀಗಾಯಿತೆಂಬುದನ್ನು ತಿಳಿದರೆ ಆ ಸಾಲಿನ ಮರ್ಮ ತಿಳಿಯುತ್ತದೆ. ಎದುರಾಳಿಗಳು ನೇರವಾಗಿ ಬರುವುದಿಲ್ಲ; ಬಂದವನು ನಡುವೆ ದಾರಿ ಬದಲಿಸುತ್ತಾನೆ, ಅವನ ಬೆನ್ನ ಹಿಂದಿನಿಂದ ಇನ್ನೊಬ್ಬ ನುಗ್ಗುತ್ತಾನೆ. ಆಗ ಗಾರ್ಡನು ತಾನು ಹಿಡಿದವನನ್ನು ಟ್ಯಾಕಲಿನ ಕೈಗೊಪ್ಪಿಸಿ ಹೊಸಬನೆಡೆಗೆ ತಿರುಗಬೇಕು. ಗದ್ದಲದಲ್ಲಿ ಮಾತು ಕೇಳಿಸದು; ಪಕ್ಕದವನ ಭುಜ ಎತ್ತ ವಾಲಿತೆಂಬುದರಿಂದಲೇ ಅರಿಯಬೇಕು. ಗದ್ದೆಯಲ್ಲಿ ಜೋಡೆತ್ತು ಒಂದಕ್ಕೊಂದು ಹೊಂದಲು ಎಷ್ಟು ದಿನ ಬೇಕೆಂಬುದು ನಮ್ಮ ರೈತರಿಗೆ ಗೊತ್ತು. ಇಲ್ಲಿ ಐವರು ಹೊಂದಬೇಕು. ಐವರಲ್ಲಿ ನಾಲ್ವರು ಸರಿಯಾಗಿ ತಡೆದು ಒಬ್ಬ ತಪ್ಪಿದರೂ ಕ್ವಾರ್ಟರ್‌ಬ್ಯಾಕ್ ಬೀಳುತ್ತಾನೆ. ಆದ್ದರಿಂದ ಒಬ್ಬ ಮಹಾಶೂರನನ್ನು ಕೊಂಡು ತರುವುದಕ್ಕಿಂತ, ಎಲ್ಲರಿಗಿಂತ ದುರ್ಬಲನಾದ ಐದನೆಯವನನ್ನು ಸಾಧಾರಣ ಮಟ್ಟಕ್ಕೆ ಏರಿಸುವುದೇ ಲಾಭವೆಂದು ಬಲ್ಲವರು ಹೇಳುತ್ತಾರೆ. ಸಂಬಳಕ್ಕೂ ಮಿತಿಯುಂಟು: 2021ರಲ್ಲಿ ಒಂದು ತಂಡ ಒಟ್ಟು 18 ಕೋಟಿ 25 ಲಕ್ಷ ಡಾಲರಿಗಿಂತ ಹೆಚ್ಚು ಹಂಚುವಂತಿರಲಿಲ್ಲ, 2025ರಲ್ಲಿ ಆ ಮಿತಿ 27 ಕೋಟಿ 92 ಲಕ್ಷ. ಹಣ ಒಬ್ಬನಿಗೆ ಹೆಚ್ಚಾದರೆ ಇನ್ನೊಬ್ಬನಿಗೆ ಕಡಿಮೆಯಾಗಲೇಬೇಕು. ಅಭಿಮಾನಿಗಳು ಕಾಗದ ಪೆನ್ಸಿಲ್ ಹಿಡಿದು ಈ ಲೆಕ್ಕವನ್ನೂ ಹಾಕುತ್ತಾರೆ. ಗೃಹಿಣಿ ತಿಂಗಳ ಸಂತೆಯ ಲೆಕ್ಕ ಹಾಕಿದಂತೆ.

2022ರ ಆ ಸಾಲು ವಾರಗಳುರುಳಿದಂತೆ ಹೊಂದಿಕೊಂಡಿತು. ತಂಡ ಗೆಲ್ಲುತ್ತ ಹೋಯಿತು. ಆದರೆ ಡಿಸೆಂಬರ್–ಜನವರಿಗಳಲ್ಲಿ ಮೂವರು ಒಬ್ಬರ ಹಿಂದೊಬ್ಬರು ಗಾಯಗೊಂಡರು. ಮೂವರು ಬದಲಿ ಆಟಗಾರರನ್ನು ಕಟ್ಟಿಕೊಂಡು ಬೆಂಗಾಲ್ಸ್ ಬಫಲೋ ನಗರದ ಹಿಮಪಾತದಲ್ಲಿ 27–10ರಿಂದ ಗೆದ್ದದ್ದು ನಿಜವಾಗಿಯೂ ಮೆಚ್ಚತಕ್ಕದ್ದು. ಒಂದು ವಾರದ ಬಳಿಕ ಕ್ಯಾನ್ಸಸ್ ಸಿಟಿಯಲ್ಲಿ ಅದೇ ಬದಲಿ ಸಾಲು ತಾಳಲಿಲ್ಲ. ಐದು ಸ್ಯಾಕ್, 23–20ರ ಸೋಲು. ಹೀಗಾಗಿ ಐವರಲ್ಲ, ಎಂಟು ಮಂದಿಯನ್ನು ಸಿದ್ಧವಾಗಿಡಬೇಕೆಂಬ ಹೊಸ ವಾದ ಹುಟ್ಟಿತು. ಇದು ಎಲ್ಲ ವಾದಗಳಿಗಿಂತ ಗಟ್ಟಿಯಾದದ್ದೆಂದು ನನ್ನ ಎಣಿಕೆ. ಆದರೆ ಬದಲಿ ಗಾರ್ಡನನ್ನು ಆರಿಸಿದ ಸುದ್ದಿಗೆ ಚಪ್ಪಾಳೆ ತಟ್ಟುವವರು ಕಡಿಮೆ.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. 2023ರಲ್ಲಿ ಕ್ಯಾನ್ಸಸ್ ಸಿಟಿಯ ಅದೇ ಆರ್ಲ್ಯಾಂಡೋ ಬ್ರೌನ್‌ನನ್ನು ನಾಲ್ಕು ವರ್ಷಕ್ಕೆ 6 ಕೋಟಿ 40 ಲಕ್ಷ ಡಾಲರಿಗೆ ತಂದರು. ಆ ನವೆಂಬರಿನಲ್ಲಿ ಬರೋನ ಬಲ ಮಣಿಕಟ್ಟು ಪೆಟ್ಟಾಗಿ ವರ್ಷ ನಷ್ಟವಾಯಿತು. 2024ರ ಡ್ರಾಫ್ಟಿನ ಮೊದಲ ಸುತ್ತಿನಲ್ಲಿ ಅಮೇರಿಯಸ್ ಮಿಮ್ಸ್ ಎಂಬ ದೈತ್ಯಕಾಯದ ಟ್ಯಾಕಲ್ ಬಂದ. ಆ ವರ್ಷ ಬರೋ 4,918 ಗಜ ಎಸೆದು ಲೀಗಿಗೆ ಮೊದಲಿಗನಾದ. ಚೇಸ್ ಹಿಡಿತ, ಗಜ, ಟಚ್‌ಡೌನ್ ಮೂರರಲ್ಲೂ ಮೊದಲಿಗನಾದ. ಆದರೂ 48 ಸಲ ಬರೋ ಬಿದ್ದ, ತಂಡ ನಾಕೌಟಿಗೂ ಹೋಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಮತ್ತೊಂದು ಸ್ಯಾಕ್‌ನಲ್ಲಿ ಕಾಲ್ಬೆರಳಿಗೆ ಗಾಯವಾಗಿ, ಶಸ್ತ್ರಚಿಕಿತ್ಸೆಯಾಗಿ, ಎರಡು ತಿಂಗಳಿಗೂ ಮಿಕ್ಕಿ ಹೊರಗುಳಿದ.

ಸೂವೆಲ್ ಹೋದ ಡೆಟ್ರಾಯಿಟ್ ಏನಾಯಿತು? ಅಲ್ಲಿಯವರು ಒಳ್ಳೆಯ ಸಾಲನ್ನೇ ಮೊದಲು ಕಟ್ಟಿದರು. 2021ರ ಅದೇ ಡ್ರಾಫ್ಟಿನ ನಾಲ್ಕನೆಯ ಸುತ್ತಿನಲ್ಲಿ ಚೆಂಡು ಹಿಡಿಯುವ ಅಮನ್‌ರಾ ಸೇಂಟ್ ಬ್ರೌನ್ ಎಂಬವನು ಸಿಕ್ಕಿದ. ಅವನು ಮುಂದೆ ದೇಶದ ಶ್ರೇಷ್ಠರ ಸಾಲಿಗೆ ಸೇರಿದ. 2024ರ ಜನವರಿಯಲ್ಲಿ ಆ ತಂಡ 32 ವರ್ಷಗಳ ಬಳಿಕ ನಾಕೌಟ್ ಪಂದ್ಯ ಗೆದ್ದಿತು. ಏಪ್ರಿಲ್‌ನಲ್ಲಿ ಸೂವೆಲ್‌ಗೆ ನಾಲ್ಕು ವರ್ಷಕ್ಕೆ 11 ಕೋಟಿ 20 ಲಕ್ಷ ಡಾಲರ್ ಕೊಟ್ಟು ಉಳಿಸಿಕೊಂಡರು. ಆದರೆ ಸೂಪರ್ ಬೌಲಿನ ಬಾಗಿಲನ್ನು ಆ ತಂಡ 2025ರವರೆಗೂ ಕಂಡಿರಲಿಲ್ಲ. ಸಿನ್ಸಿನಾಟಿಯವರು ಅದನ್ನಾದರೂ ಕಂಡರು. ವಾದ ಮುಗಿಯುವ ಲಕ್ಷಣವಿಲ್ಲ.

ಈ ಐವರನ್ನು ಜನ ತಲೆಯ ಮೇಲೆ ಹೊತ್ತ ಕಾಲವೂ ಒಂದಿತ್ತು. 1980ರ ದಶಕದಲ್ಲಿ ವಾಷಿಂಗ್ಟನ್ ತಂಡದ ಈ ಸಾಲಿಗೆ ಅದರ ತರಬೇತುದಾರ ಜೋ ಬೂಗಲ್ 'ಹಂದಿಗಳು' ಎಂದು ಅಕ್ಕರೆಯಿಂದ ಹೆಸರಿಟ್ಟ. ಅವರು ಆ ಹೆಸರನ್ನು ಬಿರುದಿನಂತೆ ಧರಿಸಿದರು. ಕೆಲವು ಅಭಿಮಾನಿಗಳು ಅಜ್ಜಿಯರ ಉಡುಪು ತೊಟ್ಟು, ಹಂದಿಯ ಮೂತಿ ಕಟ್ಟಿಕೊಂಡು ಪಂದ್ಯಕ್ಕೆ ಬರತೊಡಗಿದರು. ಆ ವೇಷದಲ್ಲೇ ಮಕ್ಕಳ ನೆರವಿಗೆ ಹಣ ಕೂಡಿಸಿದರು. ಅಂಥ ಸಾಲಿನ ಹಿಂದೆ ಆಡಿದ ಜೋ ಥೈಸ್‌ಮನ್‌ನ ಕಾಲು 1985ರ ನವೆಂಬರ್ 18ರ ರಾತ್ರಿ ಮುರಿದು ಅವನ ಆಟದ ಬದುಕೇ ಮುಗಿಯಿತು. ಅಂದು ಎಡ ತುದಿಯ ಟ್ಯಾಕಲ್ ಜೋ ಜೇಕಬಿ ಗಾಯದಿಂದ ಹೊರಗಿದ್ದ. ಬಲಗೈಯಿಂದ ಎಸೆಯುವವನಿಗೆ ಎಡಬದಿಯ ಹಿಂಭಾಗ ಕಾಣದು; ಎಡ ಟ್ಯಾಕಲಿಗೆ ಬೆಲೆ ಏರಿದ್ದು ಅದರಿಂದಲೇ.

ಆ ಎಡ ತುದಿಯಲ್ಲಿ ನಿಂತವರಲ್ಲಿ ಓಹಾಯೋದ ಇನ್ನೊಂದು ನಗರವಾದ ಕ್ಲೀವ್‌ಲ್ಯಾಂಡಿನ ಜೋ ಥಾಮಸ್ ನನಗೆ ಬಹಳ ಪ್ರಿಯ. 2007ರಲ್ಲಿ ಮೂರನೆಯವನಾಗಿ ಆಯ್ಕೆಯಾದಾಗ ಆತ ಸಮಾರಂಭಕ್ಕೆ ಹೋಗದೆ ತಂದೆಯೊಡನೆ ಮೀನು ಹಿಡಿಯುತ್ತ ಸರೋವರದಲ್ಲಿದ್ದ. 2017ರ ಅಕ್ಟೋಬರಿನಲ್ಲಿ ತೋಳಿಗೆ ಪೆಟ್ಟಾಗುವವರೆಗೆ, ಒಂದನ್ನೂ ಬಿಡದೆ, ಎಡೆಬಿಡದೆ 10,363 ಯತ್ನಗಳಲ್ಲಿ ಆತ ತನ್ನ ಜಾಗದಲ್ಲಿ ನಿಂತಿದ್ದ. ಅವನ ಹಿಂದೆ ಸುಮಾರು 20 ಕ್ವಾರ್ಟರ್‌ಬ್ಯಾಕರು ಬಂದು ಹೋದರು. ಅವನ ತಂಡ ಒಂದು ವರ್ಷ 16ರಲ್ಲಿ 15 ಪಂದ್ಯ ಸೋತಿತು. ಕೊನೆಯ ವರ್ಷ ಹದಿನಾರನ್ನೂ ಸೋತಿತು. ನಾಕೌಟ್ ಪಂದ್ಯ ಅವನ ಪಾಲಿಗೆ ಒಂದೂ ಬರಲಿಲ್ಲ. 2023ರ ಆಗಸ್ಟ್‌ನಲ್ಲಿ ಆ ಆಟದ ಮಹನೀಯರ ಮಂದಿರಕ್ಕೆ ಅವನನ್ನು ಸೇರಿಸಿದರು. ಹನ್ನೊಂದು ವರ್ಷ ಕ್ಲೀವ್‌ಲ್ಯಾಂಡಿನ ಅಭಿಮಾನಿಗಳೂ ಪ್ರತಿ ವಸಂತದಲ್ಲಿ ಸಾಲನ್ನು ಸರಿಪಡಿಸುವ ವಾದ ಹೂಡುತ್ತಿದ್ದರು. ವಾದವೆಲ್ಲ ನಾಲ್ಕು ಜಾಗಗಳ ಮೇಲೆ. ಎಡ ತುದಿಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.